ಡಿಬಿಎಸ್ ಮಾಡಿಸುವ ಮೊದಲು ಎಂಆರ್‌ಐ ನೋಡಿ ಫಲ ಹೇಳಬಹುದೇ? ಅನುಭವ ಇದ್ದವರು ತಿಳಿಸಿ

ಶಿರಸಿಯಿಂದ ಪ್ರಶ್ನೆ

ಅಪ್ಪಯ್ಯನಿಗೆ 64 ವರ್ಷ, ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಒಂಬತ್ತು ವರ್ಷ. ಮಾತ್ರೆ ನುಂಗಿದ ಮೇಲೆ ಎರಡು ತಾಸು ತೋಟಕ್ಕೂ ಹೋಗಿ ಬರುತ್ತಾರೆ. ಅದರ ಬಲ ಇಳಿದರೆ ಕುರ್ಚಿಯಿಂದ ಏಳಲಾರರು. ಮೆದುಳಿನೊಳಗೆ ಸಣ್ಣ ತಂತಿ ಇಳಿಸಿ ವಿದ್ಯುತ್ ಕೊಡುವ ಡಿಬಿಎಸ್ ಚಿಕಿತ್ಸೆ ಮಾಡಿಸಬಹುದು ಎಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ. ಹತ್ತು ಲಕ್ಷಕ್ಕೂ ಹೆಚ್ಚು ಬೇಕು. ಈ ವರ್ಷದ ಅಡಿಕೆ ಮಾರಿದರೂ ಸಾಲದು, ನೋಡಿಕೊಳ್ಳುವ ಮಗಳು ನಾನೊಬ್ಬಳೇ. ಎಂಆರ್‌ಐ ತೆಗೆದು ಯಾರಿಗೆ ಎಷ್ಟು ಗುಣವಾಗುತ್ತದೆ ಎಂದು ಈಗ ಮೊದಲೇ ಹೇಳುತ್ತಾರೆ ಎಂದು ನೆಂಟರೊಬ್ಬರು ಹೇಳಿದರು. ಹೌದೇ?

ಕುಮಟಾದಿಂದ

ನಮ್ಮ ಅಪ್ಪನಿಗೆ ನಾಲ್ಕು ವರ್ಷದ ಹಿಂದೆ ಮಾಡಿಸಿದೆವು. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಅಲೆದಿದ್ದೆ. ನನಗೆ ಅರ್ಥವಾದದ್ದು ಇಷ್ಟು: ‘ಇವರಿಗೆ ಬೇಡ’ ಎಂದು ಹೇಳುವುದರಲ್ಲಿ ಎಂಆರ್‌ಐ ಗಟ್ಟಿ. ‘ಇವರಿಗೆ ಇಷ್ಟು ಗುಣವಾಗುತ್ತದೆ’ ಎಂದು ಹೇಳುವುದರಲ್ಲಿ ಇನ್ನೂ ಗಟ್ಟಿಯಲ್ಲ.

ಪಾರ್ಕಿನ್ಸನ್ನಿನಂತೆಯೇ ಕಾಣುವ ಬೇರೆ ಕಾಯಿಲೆಗಳಿವೆ. ಪಿಎಸ್‌ಪಿ ಎಂಬುದರಲ್ಲಿ ಮಿದುಳುಕಾಂಡದ ಮೇಲ್ಭಾಗ ಸವೆದು, ಪಕ್ಕದಿಂದ ತೆಗೆದ ಚಿತ್ರದಲ್ಲಿ ಚೂಪು ಕೊಕ್ಕಿನ ಹಮ್ಮಿಂಗ್‌ಬರ್ಡ್ ಹಕ್ಕಿಯಂತೆ ಕಾಣುತ್ತದೆ. ಎಂಎಸ್‌ಎ ಎಂಬುದರಲ್ಲಿ ಕೆಲವರಿಗೆ ಮಿದುಳುಕಾಂಡದ ಅಡ್ಡಚಿತ್ರದಲ್ಲಿ ಕೂಡಿಸುವ ಗುರುತಿನಂಥ ಬಿಳಿ ಗೆರೆ ಮೂಡುತ್ತದೆ. ಇಂಥವರಿಗೆ ತಂತಿ ಹಾಕಿದರೆ ಹಣವೂ ಹೋಯಿತು, ನೋವೂ ಉಳಿಯಿತು. ಮೆದುಳು ಬಹಳ ಕುಗ್ಗಿದೆಯೇ, ಹಳೆಯ ಪಾರ್ಶ್ವವಾಯುವಿನ ಕಲೆಗಳಿವೆಯೇ, ತಂತಿ ಇಳಿಯುವ ದಾರಿಯಲ್ಲಿ ರಕ್ತನಾಳ ಅಡ್ಡ ಬರುತ್ತದೆಯೇ ಎಂಬುದನ್ನೂ ಅದರಲ್ಲೇ ನೋಡುತ್ತಾರೆ.

ಎಷ್ಟು ಗುಣವಾಗಬಹುದು ಎಂಬ ಅಂದಾಜು ನಮಗೆ ಸಿಕ್ಕಿದ್ದು ಮಾತ್ರೆಯ ಪರೀಕ್ಷೆಯಿಂದ. ರಾತ್ರಿಯಿಂದ ಲೆವೊಡೋಪಾ ಎಂಬ ಪಾರ್ಕಿನ್ಸನ್ನಿನ ಮುಖ್ಯ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ನಡಿಗೆ, ಬಿಗಿತ, ನಡುಕಕ್ಕೆ ಅಂಕ ಹಾಕಿದರು. ಮಾತ್ರೆ ಕೊಟ್ಟು ಒಂದು ತಾಸಿನ ನಂತರ ಮತ್ತೆ ಹಾಕಿದರು. ಕನಿಷ್ಠ ಶೇಕಡಾ 30ರಷ್ಟು ಸುಧಾರಣೆ ಕಂಡರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. ಅಪ್ಪನಿಗೆ ಅರ್ಧಕ್ಕಿಂತ ಹೆಚ್ಚು ಕಂಡಿತು. ಮಾತ್ರೆಗೆ ಬಗ್ಗುವ ತೊಂದರೆ ವಿದ್ಯುತ್ತಿಗೂ ಬಗ್ಗುತ್ತದೆ. ಮಾತ್ರೆಗೆ ಬಗ್ಗದ್ದು ಸಾಮಾನ್ಯವಾಗಿ ಇದಕ್ಕೂ ಬಗ್ಗುವುದಿಲ್ಲ. ನಡುಕ ಮಾತ್ರ ಇದಕ್ಕೆ ಹೊರತು, ಮಾತ್ರೆಗೆ ನಿಲ್ಲದ ನಡುಕವೂ ಡಿಬಿಎಸ್‌ಗೆ ನಿಲ್ಲಬಹುದು.

ನಾವು ತಪ್ಪಿದ್ದು ಇಲ್ಲಿ. ಅಪ್ಪ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರಿಗೆ ಬೇಕಾಗಿದ್ದದ್ದು ಧ್ವನಿ. ಮಾತ್ರೆ ಹಾಕಿದರೂ ಅವರ ಧ್ವನಿ ಏರುತ್ತಿರಲಿಲ್ಲ, ಅದನ್ನು ನಾವು ಗಮನಿಸಿರಲಿಲ್ಲ. ಚಿಕಿತ್ಸೆಯ ನಂತರ ಕೈ ನಡುಕ ನಿಂತಿತು, ಸಂಜೆ ಹೆಡ್‌ಬಂದರಿನ ತನಕ ನಡೆದು ಬರುತ್ತಾರೆ. ಮಾತು ಮಾತ್ರ ಇನ್ನಷ್ಟು ಮೆತ್ತಗಾಯಿತು. ವೈದ್ಯರು ಮೊದಲೇ ಎಚ್ಚರಿಸಿದ್ದರು; ನಡೆದಾಡುವಂತಾಗುತ್ತಾರೆ ಎಂಬ ಸಂತೋಷದಲ್ಲಿ ಅದು ನಮ್ಮ ಕಿವಿಗೆ ಬೀಳಲಿಲ್ಲ. ನಿಮ್ಮ ಅಪ್ಪಯ್ಯನಿಗೆ ಏನು ಮರಳಿ ಬರಬೇಕು ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ.

ಕಾರವಾರದಿಂದ

ಸ್ಕ್ಯಾನಿನ ಬಗ್ಗೆ ಎರಡೇ ಮಾತು. ನಡುಕ ಇದ್ದರೆ ಚಿತ್ರ ಕದಡುತ್ತದೆ, ಮಾತ್ರೆ ಯಾವ ಹೊತ್ತಿಗೆ ಕೊಡಬೇಕು, ಮಂಪರು ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಫಿಲ್ಮ್ ಮಾತ್ರ ತರಬೇಡಿ, ಸಿಡಿ ಕೇಳಿ ಪಡೆಯಿರಿ. ಒಂದು ಸ್ಕ್ಯಾನ್ ಕೇಂದ್ರ ನಮಗೆ ಫಿಲ್ಮ್ ಅಷ್ಟೇ ಕೊಟ್ಟು ಕಳುಹಿಸಿತ್ತು. ರಾತ್ರಿಯಿಡೀ ರೈಲಿನಲ್ಲಿ ಆಯಿಯನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋದ ಮೇಲೆ, ತಂತಿ ಇಳಿಸುವ ಗುರಿಯ ಲೆಕ್ಕ ಹಾಕಲು ಇದು ಸಾಲದು ಎಂದು ಇನ್ನೊಮ್ಮೆ ತೆಗೆಸಿದರು.

ಸಿದ್ದಾಪುರದಿಂದ, ನಿವೃತ್ತ ಮಾಸ್ತರ

ತಂಗಿ, ತಂತಿ ನನ್ನ ತಲೆಯಲ್ಲೇ ಇದೆ. ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಹಿಂದುಮುಂದಾಗಿದೆ. ಬರ್ಲಿನ್ನಿನ ಸಂಶೋಧಕರು 2017ರಲ್ಲಿ 51 ರೋಗಿಗಳ ಮಾಹಿತಿಯಿಂದ ಒಂದು ಲೆಕ್ಕ ಕಟ್ಟಿ, ಅದನ್ನು ಇನ್ನೊಂದು ಊರಿನ 44 ರೋಗಿಗಳ ಮೇಲೆ ಪರೀಕ್ಷಿಸಿದರು. ತಂತಿಯ ತುದಿ ಮೆದುಳಿನ ಯಾವ ಯಾವ ಭಾಗಗಳೊಂದಿಗೆ ಸಂಪರ್ಕದಲ್ಲಿದೆ ಎಂಬುದರಿಂದ ಸುಧಾರಣೆಯನ್ನು ಅಂದಾಜಿಸಿದರು. ಅಂದಾಜಿಗೂ ನಿಜವಾದ ಸುಧಾರಣೆಗೂ ಸರಾಸರಿ ಶೇಕಡಾ 15ರಷ್ಟು ಹೆಚ್ಚುಕಮ್ಮಿ ಬಂತು. ದೊಡ್ಡ ಕೆಲಸವೇ. ಆದರೆ ಗಮನಿಸಿ, ಅದು ತಂತಿ ಹಾಕಿದ ಮೇಲಿನ ಲೆಕ್ಕ. 2021ರಲ್ಲಿ ಟೊರೊಂಟೊದಲ್ಲಿ ಡಿಬಿಎಸ್ ಯಂತ್ರ ಚಾಲೂ ಇರುವಾಗಲೇ ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಎಂಆರ್‌ಐ) ತೆಗೆದು, ವಿದ್ಯುತ್ತಿನ ಹೊಂದಾಣಿಕೆ ಸರಿಯಿದೆಯೇ ಎಂದು ಕಂಪ್ಯೂಟರಿನಿಂದ ಶೇಕಡಾ 88ರಷ್ಟು ನಿಖರವಾಗಿ ಗುರುತಿಸಿದರು. ಅದೂ ನಂತರದ್ದೇ.

ಈ ನಂತರದ ಚಿತ್ರದ ಬೆಲೆ ನನಗೆ ಗೊತ್ತು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಗುರಿ ಅವರೆಕಾಳಿನಷ್ಟು. ನನ್ನ ತಂತಿಯ ತುದಿಯಲ್ಲಿ ನಾಲ್ಕು ಲೋಹದ ಉಂಗುರಗಳಿವೆ. ಆರು ತಿಂಗಳು ಎಡಗಾಲು ಎಳೆಯುತ್ತಲೇ ಇತ್ತು. ಫಲ ಇಷ್ಟೇ ಎಂದು ಮನೆಯವರು ಕೈಚೆಲ್ಲಿದ್ದರು. ಆಮೇಲೆ ಸಿಟಿ ಸ್ಕ್ಯಾನ್ ತೆಗೆದು ಹಳೆಯ ಎಂಆರ್‌ಐ ಮೇಲೆ ಕೂಡಿಸಿ ನೋಡಿದಾಗ, ವಿದ್ಯುತ್ ಹರಿಯುತ್ತಿದ್ದ ಉಂಗುರ ಗುರಿಯ ಅಂಚಿಗಿತ್ತು. ಕೆಳಗಿನ ಉಂಗುರಕ್ಕೆ ಬದಲಿಸಿದರು. ಮರುದಿನ ಮನೆಯ ಮೆಟ್ಟಿಲನ್ನು ಕೈ ಹಿಡಿಯದೆ ಹತ್ತಿದೆ. ಆದ್ದರಿಂದ ನಂತರದ ಹೊಂದಾಣಿಕೆಗೆ ಎಷ್ಟು ಸಲ ಬರಬೇಕು, ಸರಿಹೋಗದಿದ್ದರೆ ತಂತಿಯ ಸ್ಥಾನವನ್ನು ಚಿತ್ರ ತೆಗೆದು ತೋರಿಸುತ್ತೀರಾ ಎಂದು ಈಗಲೇ ಕೇಳಿ.

ಇನ್ನೊಂದು. ನಮ್ಮ ಕಡೆ ಈ ಕಾಯಿಲೆಗೆ ನಸುಗುನ್ನಿ ಬೀಜದ ಪುಡಿ ತೆಗೆದುಕೊಳ್ಳುವವರಿದ್ದಾರೆ. ಅದರಲ್ಲಿರುವುದೂ ಲೆವೊಡೋಪಾವೇ. ಅಪ್ಪಯ್ಯ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಪರೀಕ್ಷೆಯ ಅಂಕವೇ ತಪ್ಪಿಹೋಗುತ್ತದೆ.

ಶಿರಸಿಯಿಂದ ಮತ್ತೆ

ಮಾಸ್ತರರೇ, ಪುಡಿ ತೆಗೆದುಕೊಳ್ಳುತ್ತಿದ್ದರು, ಹಾಲಿಗೆ ಹಾಕಿ. ವೈದ್ಯರಿಗೆ ಇವತ್ತು ಫೋನ್ ಮಾಡಿ ತಿಳಿಸಿದೆ. ಕುಮಟಾದ ಅಕ್ಕ ಹೇಳಿದಂತೆ ಅಪ್ಪಯ್ಯನನ್ನು ಕೇಳಿದೆ. ನಡುಕ ಅವರಿಗೆ ದೊಡ್ಡದಲ್ಲವಂತೆ. ರಾತ್ರಿ ಮಗ್ಗುಲು ಬದಲಿಸಲು ನನ್ನನ್ನು ಕೂಗಬೇಕಲ್ಲ, ಅದು ತಪ್ಪಿದರೆ ಸಾಕು ಎಂದರು. ಇಷ್ಟು ವರ್ಷ ಇದನ್ನು ಹೇಳಿರಲಿಲ್ಲ.

ಸಿದ್ದಾಪುರದಿಂದ

ಹಾಗಾದರೆ ಮಾತ್ರೆಯ ಪರೀಕ್ಷೆಯ ದಿನ ಅಲ್ಲಿ ಒಂದು ಮಂಚ ಕೇಳಿ ತಂಗಿ. ಮಾತ್ರೆಗೆ ಮೊದಲೊಮ್ಮೆ, ಆಮೇಲೊಮ್ಮೆ ಮಗ್ಗುಲು ಬದಲಿಸಲು ಹೇಳಿ, ನೀವೇ ಹತ್ತಿರ ನಿಂತು ನೋಡಿ.