ಮಂಗಳಯಾನದ ಎಂಜಿನ್ ಅನ್ನು ಕಂತುಕಂತಾಗಿ ಉರಿಸಿದ್ದೇಕೆ?

ಭೌತಶಾಸ್ತ್ರದ ಮೇಡಂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮೊನ್ನೆ ವಿಮೋಚನಾ ವೇಗದ (ಭೂಮಿಯ ಹಿಡಿತದಿಂದ ಪಾರಾಗಲು ಬೇಕಾದ ವೇಗ) ಪಾಠ ಮುಗಿಸುವಾಗ ವಿದ್ಯಾರ್ಥಿನಿಯೊಬ್ಬಳು ಮಂಗಳಯಾನದ ಬಗ್ಗೆ ಕೇಳಿದಳು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ ಡಿಸೆಂಬರ್ 1ರವರೆಗೂ ಭೂಮಿಯನ್ನೇ ಸುತ್ತುತ್ತಿತ್ತು. ಅದೇ ನವೆಂಬರ್ 18ರಂದು ಹೊರಟ ಅಮೆರಿಕದ ಮೇವೆನ್ ಮಾತ್ರ ಹೀಗೆ ದಿನಗಟ್ಟಲೆ ಸುತ್ತದೆ ಅಂದೇ ದಾರಿ ಹಿಡಿದು, ನಮ್ಮದಕ್ಕಿಂತ ಎರಡು ದಿನ ಮೊದಲೇ ಮಂಗಳವನ್ನು ತಲುಪಿತು. ಹೀಗೇಕೆ ಎಂಬುದು ಅವಳ ಪ್ರಶ್ನೆ.

ಜೋಕಾಲಿಯಂತೆ, ಕವಣೆಯಂತೆ, ಸುತ್ತು ಹಾಕುತ್ತ ಹಾಕುತ್ತ ನೌಕೆ ವೇಗ ಗಳಿಸಿಕೊಳ್ಳುತ್ತದೆ ಎಂದು ನಾನು ಪತ್ರಿಕೆಗಳಲ್ಲಿ ಓದಿದ್ದನ್ನೇ ಹೇಳಿದೆ. "ಹಾಗಾದರೆ ಆ ಶಕ್ತಿ ಎಲ್ಲಿಂದ ಬಂತು ಮೇಡಂ?" ಎಂದು ಅವಳು ಮರುಪ್ರಶ್ನೆ ಹಾಕಿದಳು. ಶಕ್ತಿ ಸಂರಕ್ಷಣೆಯ ನಿಯಮವನ್ನು ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಬರೆಸಿದ್ದ ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ದೀರ್ಘವೃತ್ತ

ನಿಮ್ಮ ವಿದ್ಯಾರ್ಥಿನಿ ಸರಿಯಾದ ಎಳೆಯನ್ನೇ ಹಿಡಿದಿದ್ದಾಳೆ. ಎಷ್ಟು ಸುತ್ತು ಹಾಕಿದರೂ ನೌಕೆಗೆ ಒಂದಿಷ್ಟೂ ಶಕ್ತಿ ಸೇರುವುದಿಲ್ಲ. ಎಂಜಿನ್ ಉರಿಯದೆ ಹೋದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಅದೇ ವೇಗದಲ್ಲಿ ಮರಳುತ್ತದೆ. ಕವಣೆಯ ಹೋಲಿಕೆಯನ್ನು ಪೂರ್ತಿಯಾಗಿ ಕೈಬಿಡಿ. ಜೋಕಾಲಿಯನ್ನು ಇಟ್ಟುಕೊಳ್ಳಬಹುದು, ಆದರೆ ತೂಗಾಟವೇ ವೇಗ ಕೊಡುತ್ತದೆ ಎಂಬ ಅರ್ಥದಲ್ಲಲ್ಲ, ನೂಕುವವನು ತಕ್ಕ ಜಾಗಕ್ಕಾಗಿ ಕಾಯುತ್ತಾನೆ ಎಂಬ ಅರ್ಥದಲ್ಲಿ.

ಆ ತಕ್ಕ ಜಾಗ ಪೆರಿಜಿ, ಅಂದರೆ ಕಕ್ಷೆಯಲ್ಲಿ ಭೂಮಿಗೆ ಅತಿ ಸಮೀಪದ ಬಿಂದು. ಪಿಎಸ್‌ಎಲ್‌ವಿ ಬಿಟ್ಟುಕೊಟ್ಟ ಕಕ್ಷೆಯ ಪೆರಿಜಿ ಸುಮಾರು 250 ಕಿ.ಮೀ. ಎತ್ತರದಲ್ಲಿತ್ತು, ಅತಿ ದೂರದ ಬಿಂದುವಾದ ಅಪೋಜಿ ಸುಮಾರು 23,500 ಕಿ.ಮೀ. ಎತ್ತರದಲ್ಲಿತ್ತು. ಲೆಕ್ಕ ಹಾಕಿದರೆ ಪೆರಿಜಿಯಲ್ಲಿ ನೌಕೆಯ ವೇಗ ಸೆಕೆಂಡಿಗೆ 9.9 ಕಿ.ಮೀ., ಅಪೋಜಿಯಲ್ಲಿ ಬರೀ 2.2 ಕಿ.ಮೀ. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ಪ್ರತಿ ಸೆಕೆಂಡಿಗೆ ಸೇರುವ ಶಕ್ತಿ, ಸಿಗುತ್ತದೆ ಎಂಬುದು ನಿಮ್ಮ ಪಠ್ಯದಲ್ಲೇ ಇದೆ. ಹಾಗಾಗಿ ಅದೇ ನೋದಕವನ್ನು (ಎಂಜಿನ್ ಉರಿಸುವ ಇಂಧನವನ್ನು) ಸುಟ್ಟು ಸೆಕೆಂಡಿಗೆ 100 ಮೀಟರ್ ವೇಗ ಹೆಚ್ಚಿಸಿಕೊಂಡರೂ, ಪೆರಿಜಿಯಲ್ಲಿ ಕಕ್ಷೆಗೆ ಸೇರುವ ಶಕ್ತಿ ಅಪೋಜಿಯಲ್ಲಿ ಸೇರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಇದನ್ನು ಓಬರ್ತ್ ಪರಿಣಾಮ ಎನ್ನುತ್ತಾರೆ.

ಹಾಗಿದ್ದರೆ ಪೆರಿಜಿಯಲ್ಲೇ ಎಲ್ಲವನ್ನೂ ಒಮ್ಮೆಗೇ ಉರಿಸಬಾರದೇಕೆ? ಎಂಜಿನ್ ಚಿಕ್ಕದು, ಅದೇ ಕಾರಣ. 1,337 ಕೆ.ಜಿ. ನೌಕೆಗೆ 440 ನ್ಯೂಟನ್ ನೂಕುಬಲ; ವೇಗೋತ್ಕರ್ಷ ಗುರುತ್ವದ ಮೂವತ್ತನೆಯ ಒಂದು ಪಾಲಿನಷ್ಟು. ಮಂಗಳದ ದಾರಿ ಹಿಡಿಯಲು ಬೇಕಾಗಿದ್ದ ಸೆಕೆಂಡಿಗೆ ಸುಮಾರು ಒಂದೂವರೆ ಕಿ.ಮೀ. ಹೆಚ್ಚುವರಿ ವೇಗವನ್ನು ಒಂದೇ ಉಸಿರಿಗೆ ಪಡೆಯಬೇಕೆಂದರೆ ಎಂಜಿನ್ ಹೆಚ್ಚುಕಡಿಮೆ ಒಂದು ಗಂಟೆ ಉರಿಯಬೇಕು. ಅಷ್ಟು ಹೊತ್ತಿಗೆ ನೌಕೆ ಭೂಮಿಯ ಅರ್ಧ ಸುತ್ತು ಮುಗಿಸಿರುತ್ತದೆ. ಪೆರಿಜಿಗೆ ಅರ್ಧ ಗಂಟೆ ಮೊದಲು ಮತ್ತು ಅರ್ಧ ಗಂಟೆ ನಂತರ ಅದು ಐದು ಸಾವಿರ ಕಿ.ಮೀ.ಗೂ ಮೇಲಿದ್ದು, ವೇಗ ಸೆಕೆಂಡಿಗೆ ಏಳು ಕಿ.ಮೀ.ಗಿಂತ ಕೆಳಗಿಳಿದಿರುತ್ತದೆ. ಪೆರಿಜಿಗೆ ಹೋಲಿಸಿದರೆ ಅಲ್ಲಿ ಸುಟ್ಟ ನೋದಕದಲ್ಲಿ ಸುಮಾರು ಮೂರನೆಯ ಒಂದು ಪಾಲು ದಂಡ. ಆದ್ದರಿಂದ ಪೆರಿಜಿಯ ಆಚೀಚೆ ಕೆಲವು ನಿಮಿಷ ಉರಿಸುವುದು, ಸುತ್ತು ಹಾಕಿ ಬರುವವರೆಗೆ ಕಾಯುವುದು, ಮತ್ತೆ ಉರಿಸುವುದು. ಸುತ್ತುಗಳು ಕಾಯುವ ಹೊತ್ತೇ ಹೊರತು ದುಡಿಮೆಯ ಹೊತ್ತಲ್ಲ.

ಮೇವೆನ್ ಹೊತ್ತ ಅಟ್ಲಾಸ್ ರಾಕೆಟ್ಟಿನ ಮೇಲಿನ ಹಂತದ ನೂಕುಬಲ ಸುಮಾರು 99,000 ನ್ಯೂಟನ್. ಅದಕ್ಕೆ ಕಂತಿನ ಹಂಗಿಲ್ಲ.

ಪೀಣ್ಯದ ಪಕ್ಕದವನು

ಮೇಲಿನ ಉತ್ತರ ಒಪ್ಪತಕ್ಕದ್ದೇ. ಕಂತಿಗೆ ಇನ್ನೊಂದು ಲಾಭವೂ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಎಡವಿದರೆ ಎದ್ದು ನಿಲ್ಲಲು ಸಮಯ ಸಿಗುತ್ತದೆ.

ನವೆಂಬರ್ 7, 8 ಮತ್ತು 9ರ ಮೂರು ಉರಿಸುವಿಕೆಗಳು ಅಪೋಜಿಯನ್ನು 71,600 ಕಿ.ಮೀ. ಆಸುಪಾಸಿಗೆ ಏರಿಸಿದ್ದವು. 11ರಂದು ಅದನ್ನು ಒಂದು ಲಕ್ಷಕ್ಕೆ ಒಯ್ಯಬೇಕಿತ್ತು. ಎಂಜಿನ್ನಿಗೆ ನೋದಕ ಹರಿಸುವ ಕವಾಟವನ್ನು ತೆರೆಯಲು ಎರಡು ವಿದ್ಯುತ್ ಸುರುಳಿಗಳಿವೆ, ಒಂದು ಮುಖ್ಯ, ಒಂದು ಬದಲಿ. ಬದಲಿ ವ್ಯವಸ್ಥೆಗಳನ್ನು ಪರೀಕ್ಷಿಸುವ ಆ ಕಾರ್ಯಾಚರಣೆಯಲ್ಲಿ ಎರಡೂ ಸುರುಳಿಗಳಿಗೆ ಒಟ್ಟಿಗೆ ವಿದ್ಯುತ್ ಕೊಟ್ಟಾಗ ಹರಿವೇ ನಿಂತುಹೋಯಿತು. ಬೇರೆಬೇರೆಯಾಗಿ ಸರಿಯಾಗಿದ್ದವು, ಜೊತೆಯಾದಾಗ ಕೈಕೊಟ್ಟವು. ನೌಕೆಯ ಮುಖ ಯಾವ ಕಡೆಗಿರಬೇಕೆಂದು ನಿಯಂತ್ರಿಸುವ ಸಣ್ಣ ನೂಕುಕಗಳು ಮೊದಲೇ ಬರೆದಿಟ್ಟ ತರ್ಕದಂತೆ ತಾವಾಗಿಯೇ ಕೆಲಸ ಮುಂದುವರಿಸಿದವು. ಆದರೂ ಸೆಕೆಂಡಿಗೆ 130 ಮೀಟರ್ ಬೇಕಿದ್ದಲ್ಲಿ ಸಿಕ್ಕಿದ್ದು 35 ಮೀಟರ್ ಮಾತ್ರ, ಅಪೋಜಿ 78,276 ಕಿ.ಮೀ.ಗೆ ನಿಂತಿತು. ಮರುದಿನ ಬೆಳಗಿನ ಜಾವ ಎಂಜಿನ್ ಅನ್ನು ಮತ್ತೆ ಉರಿಸಿ ಅದನ್ನು 1,18,642 ಕಿ.ಮೀ.ಗೆ ಏರಿಸಿದರು. ಮೂರು ಕಂತು ಮುಗಿದು ನಾಲ್ಕನೆಯದು ತಪ್ಪಿದಾಗ ಆ ಕೊರತೆಯನ್ನು ಐದನೆಯದು ತುಂಬಿತು. ಒಂದೇ ಬಾರಿಗೆ ಉರಿಸುವ ಯೋಜನೆಯಾಗಿದ್ದರೆ ನೌಕೆಯ ಗತಿ ಏನಾಗುತ್ತಿತ್ತೋ.

ಭೌತಶಾಸ್ತ್ರದ ಮೇಡಂ

ಇಬ್ಬರಿಗೂ ಕೃತಜ್ಞತೆಗಳು. ಸಾಮರ್ಥ್ಯದ ಸೂತ್ರವನ್ನು ವರ್ಷಾನುಗಟ್ಟಲೆ ಕಲಿಸಿದ್ದರೂ ಕಕ್ಷೆಗೆ ಅನ್ವಯಿಸಿ ನೋಡಿರಲಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ಡಿಸೆಂಬರ್ 1ರ ಕೊನೆಯ ಉರಿಸುವಿಕೆ ಮಾತ್ರ 22 ನಿಮಿಷಗಳಷ್ಟು ದೀರ್ಘವಾಗಿತ್ತೆಂದು ಓದಿದ್ದೇನೆ. ಅದನ್ನೂ ಎರಡು ಕಂತು ಮಾಡಬಹುದಿತ್ತಲ್ಲವೇ?

ದೀರ್ಘವೃತ್ತ

ಸಾಧ್ಯವಿರಲಿಲ್ಲ, ಏಕೆಂದರೆ ಆ ಕಂತಿನ ನಡುವೆಯೇ ನೌಕೆ ಭೂಮಿಯ ಹಿಡಿತದಿಂದ ಪಾರಾಗುತ್ತದೆ, ಪಾರಾದದ್ದು ಪೆರಿಜಿಗೆ ಮರಳುವುದಿಲ್ಲ. ನವೆಂಬರ್ 16ರ ನಂತರ ಅಪೋಜಿ 1,92,874 ಕಿ.ಮೀ. ಆಗಿತ್ತು. ಅಷ್ಟು ನೀಳವಾದ ಕಕ್ಷೆಯಲ್ಲಿ ಪೆರಿಜಿಯ ವೇಗ ವಿಮೋಚನಾ ವೇಗಕ್ಕಿಂತ ಸೆಕೆಂಡಿಗೆ 200 ಮೀಟರಿನಷ್ಟೂ ಕಡಿಮೆಯಿರುವುದಿಲ್ಲ. ಕೊನೆಯ ಕಂತು ಕೊಟ್ಟದ್ದು 648 ಮೀಟರ್. ಕೊರತೆ ತುಂಬಿ ಉಳಿದ 450 ಮೀಟರ್ ಚಿಲ್ಲರೆ, ಭೂಮಿಯಿಂದ ಬಹುದೂರ ಹೋದ ಮೇಲೂ ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗವಾಗಿ ಉಳಿಯಿತು! ವೇಗಗಳ ವರ್ಗಗಳ ವ್ಯತ್ಯಾಸ ತೆಗೆದರೆ ನಿಮ್ಮ ವಿದ್ಯಾರ್ಥಿಗಳೇ ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬಲ್ಲರು. ತರಗತಿಗೆ ಇದಕ್ಕಿಂತ ರುಚಿಯಾದ ಲೆಕ್ಕ ನನಗೆ ಗೊತ್ತಿಲ್ಲ.

ಪೀಣ್ಯದ ಪಕ್ಕದವನು

ಒಂದು ಮಾತು ಸೇರಿಸುತ್ತೇನೆ. ಎಲ್ಲ ಕಂತುಗಳನ್ನೂ ಪೆರಿಜಿಯಲ್ಲೇ ಕಟ್ಟುವುದಾದರೆ, ಆ ಪೆರಿಜಿ ಭೂಮಿಯ ಯಾವ ಕಡೆ ಬೀಳಬೇಕೆಂಬುದನ್ನು ಉಡಾವಣೆಯ ದಿನವೇ ನಿರ್ಧರಿಸಬೇಕಾಗುತ್ತದೆ, ಏಕೆಂದರೆ ಡಿಸೆಂಬರ್ 1ರಂದು ನೌಕೆ ಹೊರಡುವ ದಿಕ್ಕು ಅದನ್ನೇ ಅವಲಂಬಿಸಿದೆ. ಭೂಮಿಯ ಉಬ್ಬಿದ ನಡುವಿನಿಂದಾಗಿ ದೀರ್ಘವೃತ್ತ ತಾನೇ ನಿಧಾನವಾಗಿ ತಿರುಗುತ್ತದೆ, ಆ ತಿರುವನ್ನೂ ಮುಂಗಡವಾಗಿ ಲೆಕ್ಕಕ್ಕೆ ಹಿಡಿಯಬೇಕು. ಹೀಗಾಗಿ ಪಿಎಸ್‌ಎಲ್‌ವಿ ಎಂದಿನಂತೆ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಸಲಿಲ್ಲ. ಮೂರನೆಯ ಹಂತ ಉರಿದ ಮೇಲೆ ಎಂಜಿನ್ ಇಲ್ಲದೆ ಬಹುದೂರ ತೇಲಿ, ಪೆಸಿಫಿಕ್ ಸಾಗರದ ಮೇಲೆ ನಾಲ್ಕನೆಯ ಹಂತವನ್ನು ಹೊತ್ತಿಸಿ, ಸುಮಾರು 44 ನಿಮಿಷಗಳಾದ ಮೇಲೆ ನೌಕೆಯನ್ನು ಬಿಟ್ಟಿತು. ಆ ಭಾಗದಲ್ಲಿ ಸಂಕೇತ ಹಿಡಿಯಲು ನೆಲವೇ ಇಲ್ಲದ ಕಾರಣ ನಳಂದಾ ಮತ್ತು ಯಮುನಾ ಎಂಬ ಎರಡು ಹಡಗುಗಳ ಮೇಲೆ ಆಂಟೆನಾ ಕಟ್ಟಿ ಕಳುಹಿಸಿದ್ದರು. ಅಕ್ಟೋಬರ್ 28ಕ್ಕೆ ನಿಗದಿಯಾಗಿದ್ದ ಉಡಾವಣೆ ನವೆಂಬರ್ 5ಕ್ಕೆ ಹೋದದ್ದು ರಾಕೆಟ್ಟಿನ ದೋಷದಿಂದಲ್ಲ, ಕೆಟ್ಟ ಹವೆಯಿಂದಾಗಿ ಹಡಗು ಹೊತ್ತಿಗೆ ಸರಿಯಾಗಿ ಫಿಜಿಯತ್ತ ತಲುಪದೆ ಇದ್ದುದರಿಂದ.