ಆ ಅಸ್ಥಿಪಂಜರದ ಸಿನಿಮಾ ಯಾವ ಹಬ್ಬಕ್ಕೆ? ತೋರಿಸಿದವರು ಸ್ವಲ್ಪ ಹೇಳಿ

ಕೇಳಿದವರು (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ದಸರಾ ಗೊಂಬೆ ಇನ್ನೂ ಪೆಟ್ಟಿಗೆಗೆ ಹೋಗಿಲ್ಲ, ಆಗಲೇ ಮನೆಯಲ್ಲಿ ಮುಂದಿನ ಹಬ್ಬದ ಜಗಳ ಶುರುವಾಗಿದೆ. 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಹ್ಯಾಲೋವೀನ್ ಸಿನಿಮಾನಾ, ಕ್ರಿಸ್‌ಮಸ್ ಸಿನಿಮಾನಾ?

ನೋಡದವರಿಗೆ ಕಥೆ ಇಷ್ಟು. ಹ್ಯಾಲೋವೀನ್ ಊರು ಅಂತ ಒಂದಿದೆ. ಅಲ್ಲಿ ದೆವ್ವ, ಮಾಟಗಾತಿ, ರಕ್ತಪಿಶಾಚಿಗಳದ್ದೇ ಸಂಸಾರ. ಜ್ಯಾಕ್ ಸ್ಕೆಲಿಂಗ್ಟನ್ ಅನ್ನೋ ಅಸ್ಥಿಪಂಜರ ಅವರ ರಾಜ. ವರ್ಷವರ್ಷವೂ ಹೆದರಿಸಿ ಹೆದರಿಸಿ ಅವನಿಗೇ ಬೇಜಾರು ಬಂದಿದೆ. ಕಾಡಲ್ಲಿ ಅಲೆಯುತ್ತಾ ಒಂದು ಮರದ ಬಾಗಿಲು ತೆಗೆದು ಕ್ರಿಸ್‌ಮಸ್ ಊರಿಗೆ ಬೀಳುತ್ತಾನೆ. ನೋಡಿ ಮರುಳಾಗುತ್ತಾನೆ. ಈ ಸಲದ ಕ್ರಿಸ್‌ಮಸ್ ನಾನೇ ಮಾಡುತ್ತೇನೆ ಅಂತ ಸಾಂಟಾನನ್ನೇ ಹಿಡಿದು ತರಿಸುತ್ತಾನೆ.

ಒಂಬತ್ತು ವರ್ಷದ ಮಗಳು ಹ್ಯಾಲೋವೀನ್ ಅನ್ನುತ್ತಾಳೆ. ಹೆಸರಲ್ಲೇ ಕ್ರಿಸ್‌ಮಸ್ ಇದೆಯಲ್ಲ ಅನ್ನುವುದು ಯಜಮಾನರ ವಾದ. ನನ್ನ ಕಷ್ಟ ಬೇರೆ. ನಾವು ಐದು ಕನ್ನಡ ಮನೆಯವರು ಸೇರಿ ಗರಾಜಿನಲ್ಲಿ ಬೆಡ್‌ಶೀಟ್ ಕಟ್ಟಿ ಇದನ್ನು ಹಾಕೋಣ ಅಂತ ಇದ್ದೇವೆ. ಅಕ್ಟೋಬರ್ ಕೊನೆಗೆ ದೀಪಾವಳಿಯ ಓಡಾಟ. ಡಿಸೆಂಬರ್‌ನಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಯಾವಾಗ ಇಟ್ಟುಕೊಳ್ಳೋದು? ಮಗನಿಗೆ ನಾಲ್ಕು ವರ್ಷ, ಹೆದರುತ್ತಾನಾ? "ಯಾವಾಗಲಾದರೂ ನೋಡಿ" ಅಂತ ಮಾತ್ರ ಹೇಳಬೇಡಿ. ಅದನ್ನು ಈಗಾಗಲೇ ನಮ್ಮ ಅತ್ತೆ ಹೇಳಿಯಾಗಿದೆ.

ಸ್ಯಾನ್ ಹೋಸೆಯಿಂದ, ಅನಿಮೇಷನ್ ಕೆಲಸದವನು

ಹ್ಯಾಲೋವೀನ್. ಇದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಎಲ್ಲರೂ ಇದನ್ನು ಟಿಮ್ ಬರ್ಟನ್ ಸಿನಿಮಾ ಅನ್ನುತ್ತಾರೆ. ಕಥೆ ಅವರದು, ನಿರ್ಮಾಪಕರಲ್ಲಿ ಒಬ್ಬರು ಕೂಡ. ಆದರೆ ನಿರ್ದೇಶನ ಹೆನ್ರಿ ಸೆಲಿಕ್ ಅವರದು. 2015ರಲ್ಲಿ ಕೊಲೊರಾಡೊದ ಒಂದು ಹಾರರ್ ಚಿತ್ರೋತ್ಸವದಲ್ಲಿ ಯಾರೋ ಇದೇ ಪ್ರಶ್ನೆ ಕೇಳಿದಾಗ ಸೆಲಿಕ್ ಹ್ಯಾಲೋವೀನ್ ಅಂದುಬಿಟ್ಟರು. ಮಾಡಿದವರೇ ಹೇಳಿದ ಮೇಲೆ ಮುಗಿಯಿತು, ಅಲ್ವಾ? ಬಿಡುಗಡೆ ಆಗಿದ್ದೂ 1993ರ ಅಕ್ಟೋಬರ್‌ನಲ್ಲಿ.

ಹೆದರಿಕೆಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಈ ಸಿನಿಮಾ ತಯಾರಾಗಿದ್ದು ನಿಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕಂಪ್ಯೂಟರಿನಲ್ಲಲ್ಲ, ಕೈಯಲ್ಲಿ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಇನ್ನಷ್ಟು ಸರಿಸಿ ಇನ್ನೊಂದು. ಹೀಗೆ ಒಂದು ಸೆಕೆಂಡಿಗೆ 24. ವಾರವಿಡೀ ದುಡಿದರೆ ಹೆಚ್ಚುಕಮ್ಮಿ ಒಂದು ನಿಮಿಷದ ಸಿನಿಮಾ. 76 ನಿಮಿಷದ ಚಿತ್ರಕ್ಕೆ ಮೂರು ವರ್ಷ ಹಿಡಿಯಿತು. ಜ್ಯಾಕ್‌ಗೆ ಸುಮಾರು 400 ತಲೆ ಮಾಡಿಟ್ಟಿದ್ದರು. ಬಾಯಿ "ಆ" ಅನ್ನಬೇಕಾದರೆ ಒಂದು ತಲೆ, "ಓ" ಅನ್ನಬೇಕಾದರೆ ಇನ್ನೊಂದು. ತೆಗೆದು ಹಾಕಿ, ತೆಗೆದು ಹಾಕಿ.

ನಮ್ಮ ಅಣ್ಣನ ಮಕ್ಕಳಿಗೆ ತೋರಿಸುವ ಮೊದಲು ಚಪಾತಿ ಹಿಟ್ಟಿನಲ್ಲಿ ಒಂದು ಗೊಂಬೆ ಮಾಡಿಸಿದೆ. ಫೋನನ್ನು ಡಬ್ಬಿಗೆ ಒರಗಿಸಿ ಇಟ್ಟೆ. ಗೊಂಬೆ ಬರೀ ಕೈ ಎತ್ತಬೇಕು, ಅಷ್ಟೇ. 24 ಫೋಟೊ ತೆಗೆಯೋಕೆ 40 ನಿಮಿಷ ಬೇಕಾಯಿತು. ಹದಿನೈದನೆಯ ಫೋಟೊಕ್ಕೆ ಹಿಟ್ಟು ಒಣಗಿ ಭುಜದಲ್ಲಿ ಬಿರುಕು. ಕಿರಿಯವನು ನೀರು ಹಚ್ಚಿದ, ಕೈಯೇ ಉದುರಿಬಿತ್ತು. ಆಮೇಲೆ ಸಿನಿಮಾ ಹಾಕಿದರೆ ಯಾರಿಗೂ ಹೆದರಿಕೆಯೇ ಇಲ್ಲ. "ಚಿಕ್ಕಪ್ಪಾ, ಇದನ್ನು ಹೇಗೆ ನಿಲ್ಲಿಸಿದರು?" ಅಂತ ಕೇಳಿ ಕೇಳಿ ನನಗೇ ನೋಡೋಕೆ ಬಿಡಲಿಲ್ಲ.

ಡಲ್ಲಾಸ್‌ನಿಂದ, ಎರಡು ಮಕ್ಕಳ ಅಪ್ಪ

ಮೇಲಿನವರು ಹೇಳಿದ್ದು ಕೇಳಿ ಅಕ್ಟೋಬರ್‌ಗೆ ಇಟ್ಟುಕೊಳ್ಳಬೇಡಿ. ನಾನು ಇಟ್ಟುಕೊಂಡು ಅನುಭವಿಸಿದ್ದೇನೆ.

ಆಗ ದೊಡ್ಡವಳಿಗೆ ನಾಲ್ಕೂವರೆ. ಶುರುವಿನ ಹ್ಯಾಲೋವೀನ್ ಹಾಡಿಗೆ ಅವಳು ಹೆದರಲೇ ಇಲ್ಲ. ಬೀದಿಯಲ್ಲಿ ಅದನ್ನೇ ನೋಡಿಕೊಂಡು ಬಂದಿದ್ದಳಲ್ಲ. ತೊಂದರೆ ಆಗಿದ್ದು ಕ್ರಿಸ್‌ಮಸ್ ಭಾಗದಲ್ಲಿ. ಜ್ಯಾಕ್ ಮಕ್ಕಳಿಗೆ ಉಡುಗೊರೆ ಹಂಚುತ್ತಾನೆ. ಒಬ್ಬನಿಗೆ ಒಣಗಿ ಚಿಕ್ಕದಾದ ತಲೆ. ಇನ್ನೊಂದು ಮನೆಯಲ್ಲಿ ಹಾವು ಕ್ರಿಸ್‌ಮಸ್ ಮರವನ್ನೇ ನುಂಗುತ್ತದೆ. ಇದು ತಮಾಷೆ ಅನ್ನಿಸಬೇಕಾದರೆ ಆ ಡಬ್ಬಿಯಲ್ಲಿ ಏನಿರಬೇಕಿತ್ತು ಅಂತ ಗೊತ್ತಿರಬೇಕು. ನನ್ನ ಮಗಳಿಗೆ ಇನ್ನೂ ಸರಿಯಾಗಿ ಕ್ರಿಸ್‌ಮಸ್ಸೇ ಗೊತ್ತಿರಲಿಲ್ಲ. ಹಾಗಾಗಿ ಅವಳಿಗೆ ಅದು ಬರೀ ಹಾವು.

ಇನ್ನು ಕೊನೆಗೆ ಬರುವ ಊಗಿ ಬೂಗಿ. ಗೋಣಿಚೀಲದ ರಾಕ್ಷಸ. ದಾರ ಎಳೆದರೆ ಚೀಲ ಬಿಚ್ಚಿಕೊಂಡು ಒಳಗಿನಿಂದ ಹುಳ, ಹುಳ, ಹುಳ. ಅವತ್ತಿನಿಂದ ಎರಡು ವಾರ ನಮ್ಮ ಹುಡುಗಿ ಪ್ಯಾಂಟ್ರಿಗೆ ಕಾಲಿಡಲಿಲ್ಲ. ಅಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ ಇತ್ತು.

ಮರುವರ್ಷ ಡಿಸೆಂಬರ್‌ನಲ್ಲಿ, ಮರ ಕಟ್ಟಿ, ಸ್ಕೂಲಲ್ಲಿ ಸಾಂಟಾ ನೋಡಿ ಬಂದ ಮೇಲೆ ಹಾಕಿದೆ. ಅದೇ ಹಾವಿಗೆ ಬಿದ್ದು ಬಿದ್ದು ನಕ್ಕಳು. ಊಗಿ ಬೂಗಿ ಬಂದಾಗ ಮಾತ್ರ ದಿಂಬಿನ ಹಿಂದೆ.

ಅದಕ್ಕೇ ನನ್ನ ಓಟು ಕ್ರಿಸ್‌ಮಸ್‌ಗೆ. ನಿರ್ದೇಶಕರು ಏನಾದರೂ ಹೇಳಲಿ. ಚಿತ್ರಾನ್ನ ಮಾಡಿದವರು ಇದು ಬೆಳಗಿನ ತಿಂಡಿ ಅಂದರೂ ನಮ್ಮನೆಯಲ್ಲಿ ಅದು ರಾತ್ರಿ ಊಟವೇ.

ಅರ್ವೈನ್‌ನಿಂದ

ಡಿಸ್ನಿಯವರಿಗೇ ಇದು ಬಗೆಹರಿದಿಲ್ಲ, ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಇಲ್ಲಿ ಡಿಸ್ನಿಲ್ಯಾಂಡಿನ ಭೂತಬಂಗಲೆಗೆ 2001ರಿಂದ ಹೆಚ್ಚುಕಮ್ಮಿ ಪ್ರತಿವರ್ಷ ಜ್ಯಾಕ್‌ನ ಅಲಂಕಾರ ಮಾಡುತ್ತಾರೆ. ಹ್ಯಾಲೋವೀನ್‌ಗೆ ಹಾಕಿದ್ದನ್ನು ಕ್ರಿಸ್‌ಮಸ್ ಮುಗಿಯುವವರೆಗೂ ತೆಗೆಯುವುದಿಲ್ಲ. ಎರಡು ಹಬ್ಬಕ್ಕೂ ಒಂದೇ ಖರ್ಚು! ತಮಾಷೆ ಅಂದರೆ, 1993ರಲ್ಲಿ ಇದು ಮಕ್ಕಳಿಗೆ ಜಾಸ್ತಿ ಭಯಂಕರ ಆಯಿತು ಅಂತ ಇವರೇ ತಮ್ಮ ಹೆಸರು ಹಾಕದೆ ತಮ್ಮದೇ ಇನ್ನೊಂದು ಕಂಪನಿ ಟಚ್‌ಸ್ಟೋನ್ ಹೆಸರಲ್ಲಿ ಬಿಡುಗಡೆ ಮಾಡಿದ್ದರು.

ಮಂಗಳೂರಿನವಳು, ಈಗ ಟೊರೊಂಟೊ

ನಾವು ಕೆಥೋಲಿಕರು. ಹಾಗಾಗಿ ಎರಡೂ ನಮ್ಮ ಕಡೆಯ ಹಬ್ಬವೇ ಅಂತ ಹೇಳಬಹುದೇನೋ. ಆದರೆ ಸಿನಿಮಾದಲ್ಲಿರುವ ಎರಡನ್ನೂ ನಾನು ಮಂಗಳೂರಲ್ಲಿ ನೋಡಿಲ್ಲ.

ಹ್ಯಾಲೋವೀನ್ ಅನ್ನುವ ಹೆಸರು ಬಂದಿದ್ದೇ ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಅನ್ನುವುದರಿಂದ. ನವೆಂಬರ್ 1 ಸಂತರದ್ದು, 2 ತೀರಿಕೊಂಡವರದ್ದು. ಊರಲ್ಲಿ ಆ ದಿನ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಸಾಲಾಗಿ ಮೇಣದಬತ್ತಿ ಹಚ್ಚುತ್ತಾರೆ. ಗಾಳಿಗೆ ಆರಿದ್ದನ್ನು ಮತ್ತೆ ಹಚ್ಚುವುದು ಮಕ್ಕಳ ಕೆಲಸ. ಬೆರಳಿಗೆ ಅಂಟಿದ ಮೇಣ ಸುಲಿಯುತ್ತಾ ಅಜ್ಜನ ಸಮಾಧಿಯ ಮೇಲೆಯೇ ಕೂತಿರುತ್ತಿದ್ದೆವು. ಹೆದರಿಕೆ ಅನ್ನುವುದೇ ಗೊತ್ತಿರಲಿಲ್ಲ. ಜ್ಯಾಕ್‌ನ ಊರಿನವರೂ ಹಾಗೇ ಅಲ್ವಾ? ಅವರಿಗೆ ಸ್ಮಶಾನ ಅಂದರೆ ಮನೆ ಹಿತ್ತಲು.

ಕ್ರಿಸ್‌ಮಸ್ ಅಂದರೆ ನಮಗೆ ಯೇಸು ಹುಟ್ಟಿದ ಗೋದಲಿಯ ಗೊಂಬೆ, ಮಧ್ಯರಾತ್ರಿಯ ಪೂಜೆ, ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳು. ಸಿನಿಮಾದಲ್ಲಿ ಮರ ಇದೆ, ಹಿಮ ಇದೆ, ಡಬ್ಬಿಗಟ್ಟಲೆ ಉಡುಗೊರೆ ಇದೆ, ಮಗು ಯೇಸು ಇಲ್ಲ. ಅದು ಜ್ಯಾಕ್ ಕಿಟಕಿಯಲ್ಲಿ ಇಣುಕಿ ನೋಡಿದ ಕ್ರಿಸ್‌ಮಸ್. ನನ್ನ ಲೆಕ್ಕದಲ್ಲಿ ಇದು ಹ್ಯಾಲೋವೀನ್ ಸಿನಿಮಾ. ಊರು ಅವರದು, ಜನ ಅವರವರು, ಕೊನೆಗೆ ಅವನು ವಾಪಸ್ ಬರುವುದೂ ಅಲ್ಲಿಗೇ.

ಡಲ್ಲಾಸ್‌ನವರಿಗೆ ಒಂದು ಮಾತು. ಕುಸ್ವಾರ್‌ನಲ್ಲಿ ಕಿಡ್ಯೊ ಅಂತ ಒಂದು ತಿಂಡಿ ಇದೆ. ಹಿಟ್ಟನ್ನು ಫೋರ್ಕ್ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಕೊಂಕಣಿಯಲ್ಲಿ ಕಿಡ್ಯೊ ಅಂದರೆ ಹುಳಗಳು. ಊಗಿ ಬೂಗಿ ಬರುವ ಹೊತ್ತಿಗೆ ಸರಿಯಾಗಿ ನಾನು ಒಂದು ಬಟ್ಟಲು ಕಿಡ್ಯೊ ಇಡುತ್ತೇನೆ. ನಮ್ಮ ಮಕ್ಕಳು ರಾಕ್ಷಸನನ್ನು ತಿಂದು ಮುಗಿಸುತ್ತಾರೆ.

ನ್ಯೂಜೆರ್ಸಿಯಿಂದ

ನನಗೆ ಈ ಸಿನಿಮಾ ನೋಡಿದರೆ ನಾವು ಈ ದೇಶಕ್ಕೆ ಬಂದ ಮೊದಲ ವರ್ಷವೇ ನೆನಪಾಗುವುದು. ಹ್ಯಾಲೋವೀನ್‌ಗೆ ಮಕ್ಕಳು ಬಾಗಿಲಿಗೆ ಬರುತ್ತಾರೆ, ತಿನ್ನೋಕೆ ಏನಾದರೂ ಕೊಡಬೇಕು ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಅಂಗಡಿ ಚಾಕೊಲೇಟ್ ಕೊಟ್ಟರೆ ಏನು ಚೆಂದ ಅಂತ ನಾನು ಹಿಂದಿನ ದಿನ ಕೂತು ಕೋಡುಬಳೆ ಕರಿದೆ. ಜಿಪ್‌ಲಾಕ್ ಚೀಲದಲ್ಲಿ ನಾಲ್ಕು ನಾಲ್ಕು ಹಾಕಿ, ಮೇಲೊಂದು ರಿಬ್ಬನ್ ಬೇರೆ. ಮೊದಲು ಬಂದ ಹುಡುಗಿ ಪಕ್ಕದ ಮನೆಯ ರಾಜಕುಮಾರಿ. ಚೀಲ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವಳಮ್ಮ ನಕ್ಕು "ಥ್ಯಾಂಕ್ಯೂ" ಅಂದು ಬೇಗ ಬೇಗ ಕರೆದುಕೊಂಡು ಹೋದಳು. ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಯಾರೂ ಮಕ್ಕಳಿಗೆ ತಿನ್ನಿಸುವುದಿಲ್ಲ, ಪ್ಯಾಕೆಟ್ಟಿನದೇ ಆಗಬೇಕು ಅಂತ ಆಮೇಲೆ ಗೊತ್ತಾಯಿತು. ಜ್ಯಾಕ್ ಕೊಟ್ಟ ಡಬ್ಬಿ ತೆಗೆದಾಗ ಆ ಹುಡುಗನ ಮುಖ ನೋಡಿ. ಅವತ್ತು ನಾನು ನೋಡಿದ್ದು ಅದೇ ಮುಖ.

ಜ್ಯಾಕ್ ಬೇರೆಯವರ ಹಬ್ಬವನ್ನು ಕಲಿಯೋಕೆ ಲ್ಯಾಬ್ ಮಾಡಿಕೊಂಡು ಕೂರುತ್ತಾನಲ್ಲ, ಟೆಡ್ಡಿ ಬೇರ್ ಕೊಯ್ದು, ಗಾಜಿನ ಗುಂಡು ಪುಡಿ ಮಾಡಿ ಕುದಿಸಿ? ಅವನಿಗೆ ಕೆಟ್ಟ ಉದ್ದೇಶ ಒಂದು ಚೂರೂ ಇಲ್ಲ. ಸುಮ್ನೆ ಗೊತ್ತಾಗಿಲ್ಲ, ಅಷ್ಟೇ. ಅದಕ್ಕೆ ಯಾವ ತಿಂಗಳಾದರೇನು? ಮನೆಗೆ ಹಿರಿಯರು ಬಂದಿರುವಾಗ ಹಾಕಿ. ನಮ್ಮತ್ತೆ ಬಂದಿದ್ದಾಗ ಹಾಕಿದ್ದೆವು. ಎದುರು ಮನೆಯವರು ಹುಲ್ಲಿನ ಮೇಲೆ ಅಸ್ಥಿಪಂಜರ ಕೂರಿಸಿದ್ದನ್ನು ನೋಡಿ ಆಗಲೇ ಅವರಿಗೆ ತಲೆ ಕೆಟ್ಟಿತ್ತು. ಸಿನಿಮಾ ಮುಗಿದ ಮೇಲೆ ಹೇಳಿದರು: "ನಾವು ಬೆಂಗಳೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವ ಓಡಿಸಿದೆವು. ನೀವು ಬಾಗಿಲು ತೆಗೆದು ಮಿಠಾಯಿ ಕೊಡುತ್ತೀರಲ್ಲೇ!"

ಒಹಾಯೊದಿಂದ, ಓದುತ್ತಾ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ

ಅಕ್ಕ, ನವೆಂಬರ್. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದಿಂದ ಅಕ್ಟೋಬರ್ 31ರ ರಾತ್ರಿ ನನಗೆ ಡ್ಯೂಟಿ. ಹತ್ತಕ್ಕೆ ಬಾಗಿಲು ಹಾಕುತ್ತೇವೆ. ಹತ್ತೂ ಐದಕ್ಕೆ ಹ್ಯಾಲೋವೀನ್ ಸಾಲು ಖಾಲಿ ಮಾಡೋಕೆ ಶುರು. ಉಳಿದ ಮುಖವಾಡ, ಜೇಡರಬಲೆಗೆಲ್ಲ ಅರ್ಧ ಬೆಲೆಯ ಚೀಟಿ ಅಂಟಿಸಿ ಮೂಲೆಗೆ. ಗೋದಾಮಿನಿಂದ ಕ್ರಿಸ್‌ಮಸ್ ಪೆಟ್ಟಿಗೆ ಬರುವುದೂ ಅದೇ ಟ್ರಾಲಿಯಲ್ಲಿ. ಕಳೆದ ವರ್ಷ ಕೆಳಗೆ ಹಿಮಮಾನವನ ಪೆಟ್ಟಿಗೆ, ಮೇಲೆ ಆರಡಿ ಪ್ಲಾಸ್ಟಿಕ್ ಅಸ್ಥಿಪಂಜರ, ಅದರ ಕಾಲು ಹೊರಗೆ ನೇತಾಡುತ್ತಿತ್ತು. ತಳ್ಳುವಾಗ ಪಕ್ಕೆಲುಬಿಗೆ ದೀಪದ ಸರ ಸಿಕ್ಕಿಕೊಂಡು ಹಾಗೇ ಸಾಲಿನುದ್ದಕ್ಕೂ ಎಳೆದುಕೊಂಡು ಬಂತು. ನಾನು ಬಿಡಿಸಲೇ ಇಲ್ಲ, ಫೋಟೊ ತೆಗೆದೆ.

ಟಿಮ್ ಬರ್ಟನ್‌ಗೆ ಈ ಕಥೆ ಹೊಳೆದಿದ್ದೇ ಹೀಗಂತೆ. ಒಂದು ಅಂಗಡಿಯಲ್ಲಿ ಹ್ಯಾಲೋವೀನ್ ಸಾಮಾನು ಕೆಳಗಿಳಿಸಿ ಕ್ರಿಸ್‌ಮಸ್ ಸಾಮಾನು ಜೋಡಿಸುವುದನ್ನು ನೋಡಿದರು. 1982ರಲ್ಲಿ ಡಿಸ್ನಿಯಲ್ಲಿ ಕೆಲಸದಲ್ಲಿದ್ದಾಗ ಇದನ್ನು ಒಂದು ಪದ್ಯ ಮಾಡಿ ಬರೆದರು. ಸಿನಿಮಾ ಆಗಿದ್ದು ಹನ್ನೊಂದು ವರ್ಷ ಆದ ಮೇಲೆ. ಅಂದರೆ ಇದು ಎರಡೂ ಹಬ್ಬದ್ದಲ್ಲ, ಟ್ರಾಲಿಯದ್ದು.

ಇನ್ನೊಂದು ಸಾಕ್ಷಿ. ಸಿನಿಮಾ ಶುರುವಾಗುವುದು ಹ್ಯಾಲೋವೀನ್ ರಾತ್ರಿ. ಹಬ್ಬ ಮುಗಿಸಿ ಜ್ಯಾಕ್ ರಾತ್ರಿಯೆಲ್ಲಾ ನಡೆದು, ಬೆಳಗಾದಾಗ ಆ ಬಾಗಿಲುಗಳ ಕಾಡಿನಲ್ಲಿರುತ್ತಾನೆ. ಅಕ್ಟೋಬರ್ 31ರ ಮರುದಿನ ಯಾವ ದಿನ? ನವೆಂಬರ್ 1. ಸರಿಯಾಗಿ ಹೇಳಬೇಕೆಂದರೆ ಇದು ಕನ್ನಡ ರಾಜ್ಯೋತ್ಸವದ ಸಿನಿಮಾ.

ಡಲ್ಲಾಸ್‌ನಿಂದ ಮತ್ತೆ

ನನ್ನ ಓಟು ವಾಪಸ್. ರಾಜ್ಯೋತ್ಸವಕ್ಕೆ.

ಕೇಳಿದವರು, ಐದು ವಾರದ ಮೇಲೆ

ನೋಡಿ ಆಯಿತು. ಎಲ್ಲರಿಗೂ ಥ್ಯಾಂಕ್ಸ್. ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ ಇಟ್ಟುಕೊಂಡೆವು. ಎದುರು ಮನೆಯಲ್ಲಿ ಕೊಳೆತ ಕುಂಬಳಕಾಯಿಯೂ ಇತ್ತು, ಹೊಸದಾಗಿ ಹಾಕಿದ ಬಣ್ಣದ ದೀಪವೂ ಇತ್ತು. ಗರಾಜಿನಲ್ಲಿ ಚಳಿ ಅಂದರೆ ಚಳಿ, ಮುಂದಿನ ಸಲ ಹೀಟರ್ ಮರೆಯಬೇಡಿ.

ಮಧ್ಯಾಹ್ನ ಚಪಾತಿ ಹಿಟ್ಟಿನ ಗೊಂಬೆ ಮಾಡಿಸಿದೆ. ಸ್ವಲ್ಪ ಎಣ್ಣೆ ಜಾಸ್ತಿ ಹಾಕಿ ನಾದಿದರೆ ಬೇಗ ಬಿರುಕು ಬಿಡುವುದಿಲ್ಲ, ಇದು ಸ್ಯಾನ್ ಹೋಸೆಯವರಿಗೆ. ಕಿಡ್ಯೊ ನನ್ನ ಕೈಯಲ್ಲಿ ಆಗಲಿಲ್ಲ, ಶಂಕರಪೋಳಿ ಮಾಡಿದೆ. ಹುಳ ಅಂತ ಯಾರೂ ನಂಬಲಿಲ್ಲ, ಆದರೆ ಡಬ್ಬಿ ಖಾಲಿ. ನನ್ನ ಮಗ ಊಗಿ ಬೂಗಿ ಬಂದಾಗ ಮಡಿಲಿಗೆ ಹತ್ತಿದ, ಸಾಂಟಾ ಕೊನೆಯ ಹುಳವನ್ನು ತುಳಿದ ಮೇಲೆ ಇಳಿದ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಜಗಳ ಮಾತ್ರ ನಿಲ್ಲಲಿಲ್ಲ. ಕಾಡಿನಲ್ಲಿ ಒಂದೊಂದು ಮರಕ್ಕೂ ಒಂದೊಂದು ಹಬ್ಬದ ಬಾಗಿಲು ಇರುತ್ತಲ್ಲ, ಕ್ರಿಸ್‌ಮಸ್ ಮರದ್ದು, ಈಸ್ಟರ್ ಮೊಟ್ಟೆಯದ್ದು, ಟರ್ಕಿ ಕೋಳಿಯದ್ದು? ಅದರಲ್ಲಿ ಒಂದು ಪಟಾಕಿ ಆಕಾರದ್ದೂ ಇದೆ, ಇಲ್ಲಿನ ಜುಲೈ 4ರದ್ದು. ಮಗ ಎದ್ದು ನಿಂತು ಬೆಡ್‌ಶೀಟಿಗೇ ಬೆರಳು ಮುಟ್ಟಿಸಿ "ದೀಪಾವಳಿ!" ಅಂತ ಕೂಗಿದ. ಅವನ ಅಕ್ಕ ಅಲ್ಲ ಅಂದಳು. ಅವನು ಹೌದು ಅಂದ. ಜ್ಯಾಕ್ ಆ ಬಾಗಿಲು ಯಾಕೆ ತೆಗೆಯಲಿಲ್ಲ ಅಂತ ಬೆಳಗ್ಗೆಯಿಂದ ಕೇಳುತ್ತಿದ್ದಾನೆ.