ಟೆಸ್ಟ್ ಡ್ರೈವ್ ಆದಮೇಲೆ ಗ್ರಾಹಕರು ಮಾಯ: ಓದುಗರ ಸ್ಪಂದನ

ಕಳೆದ ಬಾರಿಯ ಸಮಸ್ಯೆ: ‘ಐಷಾರಾಮಿ ಕಾರುಗಳ ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಟೆಸ್ಟ್ ಡ್ರೈವ್ ಮಾಡಿದವರೆಲ್ಲ ಸೂಪರ್ ಎನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ಮಾತಿನಲ್ಲಿ, ಸೂಟುಬೂಟಿನಲ್ಲಿ ನಾನು ಹಿಂದೆ. ಕೆಲಸ ಬಿಡಲೇ?’

ಸೂಟಿನ ಚಿಂತೆ ಬಿಡಿ, ಡೆಮೊ ಕಾರಿನ ಚಕ್ರ ನೋಡಿ. ಅಂದಕ್ಕೆಂದು ಅದಕ್ಕೆ 21 ಇಂಚಿನ ರಿಮ್ ಹಾಕಿಸಿರುತ್ತಾರೆ. ಅದರ ಟೈರಿನ ಪಕ್ಕೆ ಗಿಡ್ಡ. ಗುಂಡಿಗೆ ಇಳಿದರೆ ಏಟು ನೇರ ಸೊಂಟಕ್ಕೆ. ಹಿಂದಿನವರು ಸಸ್ಪೆನ್ಷನ್ ಬಿಗಿಯಾಗುವ ಸ್ಪೋರ್ಟ್ ಮೋಡ್‌ನಲ್ಲೇ ಬಿಟ್ಟಿದ್ದರಂತೂ ಮುಗಿಯಿತು. ‘ಕುಲುಕುತ್ತದೆ’ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ, ಸೂಪರ್ ಎಂದು ಹೇಳಿ ಜಾಗ ಖಾಲಿ ಮಾಡುತ್ತಾರೆ. ಅದೇ ಮಾಡೆಲ್ ಸಣ್ಣ ರಿಮ್‌ನಲ್ಲೂ ಬರುವುದಾದರೆ ನೀವೇ ಮೊದಲು ತಿಳಿಸಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟೇ ಗಾಳಿ ಇದೆಯೇ ನೋಡಿ. ಸಾಗಣೆಗೆಂದು ತುಂಬಿಸಿದ ಹೆಚ್ಚಿನ ಗಾಳಿ ಹಾಗೇ ಉಳಿದಿರುವುದುಂಟು. ಪರದೆಯಲ್ಲಿ ಹಿಂದಿನ ಗ್ರಾಹಕರ ಫೋನಿನ ಹೆಸರು, ಹೋದ ವಿಳಾಸ ಇದ್ದರೆ ಅಳಿಸಿ. ‘ನಾಳೆ ನನ್ನದೂ ಹೀಗೇ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ’ ಎಂದು ಹೊಸದಾಗಿ ಬಂದವರಿಗೆ ಅನಿಸದೇ ಇರುತ್ತದೆಯೇ?
– ಸೇಲ್ಸ್ ತರಬೇತುದಾರರು

ಟೆಸ್ಟ್ ಡ್ರೈವ್‌ನಲ್ಲಿ ಮೊದಲ ಐದು ನಿಮಿಷ ಬಾಯಿ ಮುಚ್ಚಿಕೊಂಡಿರಿ. ನುಣುಪು ರಸ್ತೆಯಲ್ಲಷ್ಟೇ ಓಡಿಸಬೇಡಿ. ಹದಗೆಟ್ಟ ರಸ್ತೆ, ಒಂದು ಯೂ ಟರ್ನ್, ಇಕ್ಕಟ್ಟಿನಲ್ಲಿ ಒಂದು ರಿವರ್ಸ್ ಪಾರ್ಕಿಂಗ್ ಇರಲಿ. ಜೊತೆಗೆ ಬಂದವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಬೇಡ ಎನ್ನುವ ಕೊನೆಯ ಮಾತು ಬಹಳ ಸಲ ಅಲ್ಲಿಂದಲೇ ಬರುತ್ತದೆ.
– ಶೋರೂಮ್ ಮ್ಯಾನೇಜರ್ ಒಬ್ಬರು

ಹೊಸದಕ್ಕೆ ಬದಲಾಗಿ ಗ್ರಾಹಕರು ಕೊಡುವ ಹಳೇ ಕಾರಿಗೆ ಎಷ್ಟು ಬೆಲೆ ಕಟ್ಟುತ್ತೀರಿ? ವ್ಯವಹಾರ ಮುರಿಯುವ ಜಾಗ ಅದು. ಕಾರನ್ನು ಹಿತ್ತಲಿಗೆ ಒಯ್ದು, ಮರಳಿ ಬಂದು ಒಂದು ಅಂಕಿ ಹೇಳಿದರೆ ಯಾರೂ ನಂಬುವುದಿಲ್ಲ. ಅವರೆದುರೇ ಬಣ್ಣದ ದಪ್ಪ ಅಳೆಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಒಂದು ಬಾಗಿಲು ಮಾತ್ರ 300 ತೋರಿಸಿದರೆ ಮತ್ತೆ ಬಣ್ಣ ಬಿದ್ದಿದೆ, ಸಾವಿರದತ್ತ ಹೋದರೆ ಒಳಗೆ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ಇದೆ. ಪ್ರತಿ ಪ್ಯಾನೆಲ್‌ನಲ್ಲಿ ನಾಲ್ಕೈದು ಕಡೆ ಅಳೆಯಿರಿ. ಎಚ್ಚರ: ದುಬಾರಿ ಕಾರುಗಳಲ್ಲಿ ಬಾನೆಟ್, ಬಾಗಿಲು ಅಲ್ಯೂಮಿನಿಯಮ್ ಆಗಿರುವುದು ಹೆಚ್ಚು. ಉಕ್ಕಿಗಷ್ಟೇ ಆಗುವ ಅಗ್ಗದ ಗೇಜ್ ಅಲ್ಲಿ ಕೆಲಸಕ್ಕೆ ಬಾರದು, ಎರಡೂ ಲೋಹ ಓದುವಂಥದ್ದು ಬೇಕು. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನೂ ತೋರಿಸಿ. 2319 ಎಂದರೆ 2019ರ 23ನೇ ವಾರ ತಯಾರಾದ ಟೈರ್. ಬೆಲೆ ಏಕೆ ಇಳಿಯಿತೆಂದು ಆಮೇಲೆ ನೀವು ವಾದಿಸಬೇಕಾಗಿಲ್ಲ.
– ಹಳೇ ಕಾರುಗಳ ಮೌಲ್ಯಮಾಪಕರು

‘ಸರ್, ಡಿಸೈಡ್ ಮಾಡಿದ್ರಾ?’ ಎಂದು ದಿನಾ ಮೆಸೇಜ್ ಹಾಕುತ್ತಿದ್ದೀರಾ? ನಿಲ್ಲಿಸಿ. ಅವರು ಕೇಳಿದ ಪ್ರಶ್ನೆಯೊಂದಕ್ಕೆ ಮರುದಿನದೊಳಗೆ ಉತ್ತರ ಕಳಿಸಿ: ಡಿಕ್ಕಿಯ ಅಳತೆ, ಸರ್ವಿಸ್ ಅವಧಿ, ಏನಾದರೂ. ಡೆಲಿವರಿ ದಿನಾಂಕವನ್ನು ಮಾತ್ರ ಬಾಯಿಮಾತಿನಲ್ಲಿ ಕೊಡಬೇಡಿ. ಫ್ಯಾಕ್ಟರಿ ಆರ್ಡರ್ ಲಾಕ್ ಆದಮೇಲೆ ಬಣ್ಣ, ಸೀಟಿನ ಚರ್ಮ ಬದಲಿಸಲು ಆಗುವುದಿಲ್ಲ. ಲಾಕ್ ಆಗುವ ದಿನ ಯಾವುದೆಂದು ಬುಕಿಂಗ್ ಫಾರ್ಮಿನಲ್ಲೇ ಬರೆದು ಸಹಿ ಹಾಕಿಸಿ.

ಕೆಲಸ ಬಿಡುವ ಮುನ್ನ ನೇಮಕಾತಿ ಪತ್ರ ತೆಗೆದು ನೋಡಿ, ಇನ್ಸೆಂಟಿವ್ ಲೆಕ್ಕ ಬುಕಿಂಗ್‌ಗೋ ಡೆಲಿವರಿಗೋ? ಡೆಲಿವರಿಗಾದರೆ, ಈಗ ಬಿಟ್ಟರೆ ಬಾಕಿ ಆರ್ಡರ್‌ಗಳ ಹಣ ಕೈತಪ್ಪಬಹುದು.
– ಬುಕಿಂಗ್ ವಿಭಾಗದ ಓದುಗರು